ಕಾಲು ಕತ್ತರಿಸುವ ಮೊದಲಿನ ವಿಜ್ಞಾನ: ನಮ್ಮ ಮಧುಮೇಹ ಬರಹಗಳು ಬಿಟ್ಟ ಮಾತು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಮಧುಮೇಹಿಗಳ ಕಾಲಿನ ವಿಷಯ ಬಂದಾಗ ಮೂರು ಮಾತುಗಳು ಕೇಳಿಬರುತ್ತವೆ. ಒಂದು, ‘ಶುಗರ್ ಇದ್ದವರಿಗೆ ಗಾಯ ಮಾಯೋದಿಲ್ಲ.’ ಎರಡು, ‘ವಿಷ ಮೇಲಕ್ಕೆ ಏರೋಕೆ ಮೊದಲು ಕಾಲು ತೆಗೆಸಿಬಿಡಬೇಕು.’ ಮೂರು, ‘ಅಲ್ಲೊಬ್ಬರು ಡಾಕ್ಟರು ಕತ್ತರಿಸದೇನೆ ಕಾಲು ಉಳಿಸಿಕೊಡ್ತಾರಂತೆ.’ ನೀವು ಈ ಭಾಗದ ಶಿಕ್ಷಕರೋ ವಿದ್ಯಾರ್ಥಿಗಳೋ ಆಗಿದ್ದರೆ ಮೂರನ್ನೂ ಕೇಳಿರುತ್ತೀರಿ.

ಇವು ಬರಿಯ ಕಟ್ಟೆಯ ಮಾತುಗಳಾಗಿದ್ದರೆ ವಿಮರ್ಶೆಯ ಅಗತ್ಯವಿರಲಿಲ್ಲ. ಪತ್ರಿಕೆಗಳ ಆರೋಗ್ಯ ಅಂಕಣ, ಆಸ್ಪತ್ರೆಯ ಕರಪತ್ರ, ವಿಶ್ವ ಮಧುಮೇಹ ದಿನದ ಭಾಷಣ – ಇವೆಲ್ಲ ಹೆಚ್ಚಾಗಿ ಇದೇ ಮೂರು ಮಾತುಗಳನ್ನು ಗ್ರಾಂಥಿಕ ಕನ್ನಡದಲ್ಲಿ ಹೇಳುತ್ತವೆ. ಮಧುಮೇಹವನ್ನು ಕುರಿತ ನಮ್ಮ ಜನಪ್ರಿಯ ವಿಜ್ಞಾನ ಬರಹ ಒಂದು ದೊಡ್ಡ ಕೆಲಸ ಮಾಡಿದೆ, ನಿಜ. ರಕ್ತದ ಸಕ್ಕರೆ ಪರೀಕ್ಷೆ ಇಂದು ಹಳ್ಳಿಯವರಿಗೂ ಗೊತ್ತು. ಆದರೆ ಕಾಲಿನ ವಿಷಯದಲ್ಲಿ ಅದು ಎಡವಿದೆ. ಅದು ಶಸ್ತ್ರಚಿಕಿತ್ಸೆಯ ಕೊನೆಯ ದಿನವನ್ನು ವರ್ಣಿಸುತ್ತದೆ. ಅದಕ್ಕೆ ಮೊದಲಿನ ವಾರಗಳನ್ನು, ತಿಂಗಳುಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುಹೋದ ಆ ಭಾಗದಲ್ಲೇ ಕಾಲು ಉಳಿಯುವ ದಾರಿ ಇದೆ. ಅದನ್ನು ವಿವರಿಸಲು ಬೇಕಾದ ವಿಜ್ಞಾನ ಬಹುಪಾಲು ಪ್ರೌಢಶಾಲೆಯದೇ ಎಂಬುದು ಈ ಲೇಖನದ ವಾದ.

ವಿಷಯ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆಯ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ. ಸುಮಾರು 10 ಕೋಟಿ ಜನ. ಗ್ರಾಮೀಣ ಭಾಗದ ಪ್ರಮಾಣ ಶೇ. 8.9. ಮಂಡ್ಯ ಜಿಲ್ಲೆಯ 18 ಲಕ್ಷ ಜನರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದಾರೆ ಎನ್ನುತ್ತದೆ 2011ರ ಜನಗಣತಿ. ಮಧುಮೇಹಿಗಳಲ್ಲಿ ನೂರಕ್ಕೆ 19ರಿಂದ 34 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗಬಹುದೆಂದು ಅಂತಾರಾಷ್ಟ್ರೀಯ ಅಂದಾಜು. ಗದ್ದೆಯಲ್ಲಿ ದುಡಿಯುವ ಮನುಷ್ಯನಿಗೆ ಪಾದ ಹೋದರೆ ಜೀವನೋಪಾಯವೂ ಹೋದಂತೆ.

ಅರ್ಧ ಸತ್ಯದ ತೊಂದರೆ

‘ಸಕ್ಕರೆ ಇದ್ದವರಿಗೆ ಗಾಯ ಮಾಯುವುದಿಲ್ಲ’ ಎಂಬ ಮೊದಲ ಮಾತನ್ನು ನೋಡೋಣ. ರಕ್ತದಲ್ಲಿ ಸಕ್ಕರೆ ಅಂಶ ಬಹಳ ಹೆಚ್ಚಿದ್ದಾಗ ಬಿಳಿ ರಕ್ತಕಣಗಳ ಹೋರಾಟ ಕುಂದುತ್ತದೆ, ಸೋಂಕು ಬೇಗ ಹರಡುತ್ತದೆ. ಅಷ್ಟು ನಿಜ. ಆದರೆ ಇದನ್ನೇ ಪೂರ್ಣ ಕಾರಣವೆಂದು ಬರೆದಾಗ ಓದುಗ ಎರಡು ತೀರ್ಮಾನಕ್ಕೆ ಬರುತ್ತಾನೆ: ‘ಸಕ್ಕರೆ ಇಳಿಸಿದರೆ ಗಾಯ ತಾನೇ ಮಾಯುತ್ತದೆ’ ಅಥವಾ ‘ಏನು ಮಾಡಿದರೂ ಮಾಯುವುದಿಲ್ಲ’. ಎರಡೂ ತಪ್ಪು.

ಪಾದದಲ್ಲಿ ರಕ್ತಸಂಚಾರ ಚೆನ್ನಾಗಿದ್ದು, ಸೋಂಕು ಆಳಕ್ಕೆ ಇಳಿಯದೆ, ಅಂಗಾಲಿನಲ್ಲಿ ಹುಣ್ಣಾಗಿರುವ ಮಧುಮೇಹಿಯನ್ನು ಗಮನಿಸಿ. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಸರಿಯಾಗಿ ಅಚ್ಚು ಕೂರುವ ಪ್ಲಾಸ್ಟರ್ ಕಟ್ಟು ಹಾಕಿ, ಹುಣ್ಣಿನ ಮೇಲೆ ಬೀಳುವ ಭಾರವನ್ನು ಇಡೀ ಪಾದಕ್ಕೂ ಕಾಲಿಗೂ ಹಂಚಿದರೆ ಇಂಥ ಹುಣ್ಣುಗಳಲ್ಲಿ ಬಹುಪಾಲು ಆರರಿಂದ ಎಂಟು ವಾರಗಳಲ್ಲಿ ಮಾಯುತ್ತವೆ. ತಿಂಗಳುಗಟ್ಟಲೆ ಮುಲಾಮು ಹಚ್ಚಿದರೂ ಮಾಯದ ಹುಣ್ಣು ಇಲ್ಲಿ ಹೇಗೆ ಮಾಯಿತು? ರೋಗಿಯ ಮಧುಮೇಹ ಹೋಗಿಲ್ಲ. ಹೋದದ್ದು ಹುಣ್ಣಿನ ಮೇಲಿನ ತುಳಿತ. ಅಂದಮೇಲೆ ಗಾಯ ಮಾಯದಿರಲು ಸಕ್ಕರೆಯೊಂದೇ ಕಾರಣವಲ್ಲ. ಗಾಯದ ಮೇಲೆ ಮತ್ತೆ ಮತ್ತೆ ನಡೆಯುವುದು ದೊಡ್ಡ ಕಾರಣ. ಗಾಯವಾದರೂ ಮನುಷ್ಯ ಅದರ ಮೇಲೆ ನಡೆಯುವುದೇಕೆ? ನೋವಾಗುವುದಿಲ್ಲ, ಅದಕ್ಕೆ.

ನೋವು ಎಂಬ ಕಾವಲುಗಾರ

ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಎಂಬ ಅಧ್ಯಾಯವಿದೆ. ಅದರ ಮೊದಲ ಭಾಗದಲ್ಲಿ ಪರಾವರ್ತಿತ ಪ್ರತಿಕ್ರಿಯೆ ಬರುತ್ತದೆ: ಬಿಸಿ ವಸ್ತು ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುತ್ತದೆ. ನಂತರದ ಭಾಗದಲ್ಲಿ ಹಾರ್ಮೋನುಗಳು, ಇನ್ಸುಲಿನ್, ಮಧುಮೇಹ ಬರುತ್ತವೆ. ಒಂದೇ ಅಧ್ಯಾಯದ ಈ ಎರಡು ಭಾಗಗಳನ್ನು ಜೋಡಿಸುವ ಒಂದು ವಾಕ್ಯವನ್ನು ನಮ್ಮ ಬೋಧನೆ ಹೇಳದೆ ಬಿಡುತ್ತದೆ: ಎರಡನೆಯ ಭಾಗದ ರೋಗ ಮೊದಲನೆಯ ಭಾಗದ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ಹಲವು ವರ್ಷ ಹತೋಟಿ ತಪ್ಪಿದ ಮಧುಮೇಹ ನರಗಳನ್ನು ಹಾಳುಮಾಡುತ್ತದೆ. ಹೆಚ್ಚು ಉದ್ದದ ನರಗಳಿಗೆ ಮೊದಲ ಪೆಟ್ಟು. ಆದ್ದರಿಂದ ಕಾಲ್ಬೆರಳಿನಿಂದ ಶುರುವಾಗಿ ಕಾಲುಚೀಲದಂತೆ ಮೇಲಕ್ಕೆ ಹಬ್ಬುತ್ತದೆ. ಮೂರು ಬಗೆಯ ನರಗಳೂ ಕೆಡುತ್ತವೆ. ಸಂವೇದನೆಯ ನರ ಕೆಟ್ಟರೆ ಮುಳ್ಳು, ಬಿಸಿ, ಕಲ್ಲು ತಿಳಿಯುವುದಿಲ್ಲ. ಸ್ನಾಯುಗಳ ನರ ಕೆಟ್ಟರೆ ಬೆರಳುಗಳು ಕೊಕ್ಕೆಯಂತೆ ಬಾಗಿ ಮುಂಗಾಲಿನ ಮೂಳೆಗಳು ಕೆಳಕ್ಕೆ ಒತ್ತುತ್ತವೆ. ಬೆವರಿನ ನರ ಕೆಟ್ಟರೆ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಒಂದು ನೋವನ್ನು ಕಳೆಯುತ್ತದೆ, ಇನ್ನೊಂದು ಒತ್ತಡವನ್ನು ಹೆಚ್ಚಿಸುತ್ತದೆ, ಮತ್ತೊಂದು ರೋಗಾಣುವಿಗೆ ಬಾಗಿಲು ತೆರೆಯುತ್ತದೆ.

ನೋವಿಲ್ಲದಿರುವುದೇ ಅಪಾಯ ಎಂಬ ಅರಿವು ನಮ್ಮ ನೆರೆಯಲ್ಲೇ ಬೆಳೆದದ್ದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ಅಧ್ಯಯನ ಮಾಡಿದರು. ರೋಗವೇ ಬೆರಳುಗಳನ್ನು ಕೊಳೆಸುತ್ತದೆ ಎಂದು ಆಗ ನಂಬಿಕೆ. ಬೆರಳುಗಳು ಸವೆಯುವುದು ಬಹುಮಟ್ಟಿಗೆ ಅರಿವಿಗೆ ಬಾರದ ಸುಟ್ಟಗಾಯ, ಒತ್ತಡ, ಪೆಟ್ಟುಗಳಿಂದ ಎಂದು ಬ್ರ್ಯಾಂಡ್ ತೋರಿಸಿದರು. ಅಂಗಾಲಿನ ಹುಣ್ಣಿಗೆ ಪ್ಲಾಸ್ಟರ್ ಕಟ್ಟು ಹಾಕುವ ಕ್ರಮವನ್ನು ಭಾರತ ಮತ್ತು ಸಿಲೋನಿನ ವೈದ್ಯರು 1930ರ ದಶಕದಲ್ಲೇ ಕುಷ್ಠರೋಗಿಗಳಲ್ಲಿ ಬಳಸಿದ್ದರು. 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಬ್ರ್ಯಾಂಡ್ ಈ ಅನುಭವವನ್ನು ಮಧುಮೇಹಿಗಳ ಪಾದಕ್ಕೆ ಅನ್ವಯಿಸಿದರು. ಇಂದು ಜಗತ್ತಿನೆಲ್ಲೆಡೆ ಬಳಸುವ ಚಿಕಿತ್ಸೆಯ ಒಂದು ಬೇರು ದಕ್ಷಿಣ ಭಾರತದಲ್ಲಿದೆ. ಆದರೂ ನಮ್ಮ ಲೇಖನಗಳು ಅದನ್ನು ವಿದೇಶದ ಹೊಸ ತಂತ್ರವೆಂಬಂತೆ ಪರಿಚಯಿಸುವುದುಂಟು.

ಒತ್ತಡದ ಲೆಕ್ಕ

ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಮೊಳೆಯ ಚೂಪು ತುದಿಯ ಉದಾಹರಣೆಯನ್ನು ನೀವು ಪ್ರತಿ ವರ್ಷ ಪಾಠ ಮಾಡುತ್ತೀರಿ. ಈ ಬಾರಿ ಮೊಳೆಯ ಬದಲು ಪಾದವನ್ನು ತೆಗೆದುಕೊಳ್ಳಿ.

60 ಕಿ.ಗ್ರಾಂ. ತೂಕದ ವ್ಯಕ್ತಿ ನಡೆಯುವಾಗ ಒಂದು ಕ್ಷಣ ಒಂದೇ ಕಾಲಿನ ಮೇಲೆ ನಿಲ್ಲುತ್ತಾನೆ. ಬಲ ಸುಮಾರು 600 ನ್ಯೂಟನ್. ಅಂಗಾಲು ನೆಲಕ್ಕೆ ತಾಗುವ ವಿಸ್ತೀರ್ಣ 100 ಚದರ ಸೆಂ.ಮೀ. ಎಂದಿಟ್ಟುಕೊಂಡರೆ ಸರಾಸರಿ ಒತ್ತಡ ಚದರ ಸೆಂ.ಮೀ.ಗೆ 6 ನ್ಯೂಟನ್. ಈಗ ಬೆರಳು ಬಾಗಿ, ಮುಂಗಾಲಿನ ಒಂದೇ ಮೂಳೆಯ ತುದಿ ಕೆಳಗೆ ಒತ್ತಿದೆ. ಅಲ್ಲಿನ 4 ಚದರ ಸೆಂ.ಮೀ. ಜಾಗದ ಮೇಲೆ ತೂಕದ ಕಾಲು ಭಾಗ, ಅಂದರೆ 150 ನ್ಯೂಟನ್, ಬೀಳುತ್ತದೆ ಎನ್ನಿ. ಒತ್ತಡ 37.5 ನ್ಯೂಟನ್, ಸರಾಸರಿಯ ಆರು ಪಟ್ಟಿಗೂ ಹೆಚ್ಚು. ಇವು ವಿವರಣೆಗಾಗಿ ತೆಗೆದುಕೊಂಡ ಅಂಕಿಗಳು. ನಿಜವಾದ ಪಾದದಲ್ಲಿ ಹಂಚಿಕೆ ಇನ್ನೂ ಸಂಕೀರ್ಣ. ಆದರೆ ತತ್ತ್ವ ಇದೇ. ದಿನಕ್ಕೆ ಸಾವಿರಾರು ಹೆಜ್ಜೆ, ಅದೇ ಜಾಗದ ಮೇಲೆ. ನರ ಸರಿಯಿದ್ದವರು ಸ್ವಲ್ಪ ಹೊತ್ತಿನಲ್ಲೇ ಅರಿವಿಲ್ಲದೆ ಹೆಜ್ಜೆಯ ಕ್ರಮ ಬದಲಿಸುತ್ತಾರೆ. ನರ ಕೆಟ್ಟವರು ಬದಲಿಸುವುದಿಲ್ಲ. ಚರ್ಮ ಜಡ್ಡುಗಟ್ಟುತ್ತದೆ, ಜಡ್ಡೇ ಒಳಗಿನಿಂದ ಕಲ್ಲಿನಂತೆ ಒತ್ತುತ್ತದೆ, ಅದರ ಕೆಳಗೆ ರಕ್ತ ಸೋರಿ ಹುಣ್ಣಾಗುತ್ತದೆ.

ಮಧುಮೇಹದಲ್ಲಿ ನಡೆಯುವ ಅಂಗಚ್ಛೇದನಗಳಲ್ಲಿ ನೂರಕ್ಕೆ ಸುಮಾರು 85ರಲ್ಲಿ ಮೊದಲು ಇಂಥ ಒಂದು ಹುಣ್ಣು ಇದ್ದೇ ಇರುತ್ತದೆ ಎಂಬುದು 1990ರಿಂದ ಗೊತ್ತಿರುವ ಸಂಗತಿ. ಹುಣ್ಣು ತಪ್ಪಿದರೆ ಬಹುಪಾಲು ಅಂಗಚ್ಛೇದನ ತಪ್ಪುತ್ತದೆ ಎಂಬ ತರ್ಕ ಅದರಿಂದಲೇ ಹುಟ್ಟಿತು. ನಮ್ಮ ಬರಹಗಳು ಮಾತ್ರ ‘ಪ್ರತಿ 30 ಸೆಕೆಂಡಿಗೆ ಜಗತ್ತಿನಲ್ಲಿ ಒಂದು ಕಾಲು ಹೋಗುತ್ತಿದೆ’ ಎಂಬ 2005ರ ಅಂದಾಜನ್ನು ಮತ್ತೆ ಮತ್ತೆ ಅಚ್ಚುಹಾಕುತ್ತವೆ. ಆ ಅಂಕಿ ಹೆದರಿಸುತ್ತದೆ. ಏನು ಮಾಡಬೇಕೆಂದು ಕಲಿಸುವುದಿಲ್ಲ. 85ರ ಅಂಕಿ ಕಲಿಸುತ್ತದೆ.

ಬೂಟು ತೊಟ್ಟವರಿಗೆ ಬರೆದ ಸಲಹೆಗಳು

ಪಾದರಕ್ಷಣೆಯ ಸಲಹೆಪಟ್ಟಿಗಳನ್ನು ಓದಿ ನೋಡಿ. ‘ಬರಿಗಾಲಲ್ಲಿ ನಡೆಯಬೇಡಿ. ಹತ್ತಿಯ ಕಾಲುಚೀಲ ಧರಿಸಿ. ಮೃದುವಾದ ಬೂಟು ಬಳಸಿ.’ ಯಾವುದೂ ಸುಳ್ಳಲ್ಲ. ಆದರೆ ಇದನ್ನು ಯಾರಿಗೆ ಬರೆದದ್ದು? ಭತ್ತದ ಗದ್ದೆಯ ಕೆಸರಿನಲ್ಲಿ ನಾಟಿ ಹಾಕುವ ಹೆಂಗಸು ಕಾಲುಚೀಲ ಧರಿಸುವಂತಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ಬೆರಳ ಸಂದು ದಿನವಿಡೀ ನೆನೆದಿರುತ್ತದೆ, ಅಲ್ಲಿ ಬೂಷ್ಟು ಹುಣ್ಣು ಸಾಮಾನ್ಯ. ಕಬ್ಬು ಕಡಿದ ಹೊಲದಲ್ಲಿ ನೆಲದಿಂದ ಮೇಲೆದ್ದ ಕೂಳೆ ಚೂರಿಯಂತಿರುತ್ತದೆ. ಮಂಡ್ಯದ ಪಾದ ಎದುರಿಸುವ ಅಪಾಯಗಳು ಇವು. ಪಟ್ಟಿಯಲ್ಲಿ ಇವುಗಳ ಸುಳಿವಿಲ್ಲ.

ಕಾರಣ ಹೇಳದ ಸಲಹೆ ನಿಲ್ಲುವುದಿಲ್ಲ. ಕಾರಣ ಗೊತ್ತಿದ್ದರೆ ರೈತರೇ ತಮ್ಮ ಪರಿಸ್ಥಿತಿಗೆ ದಾರಿ ಹುಡುಕುತ್ತಾರೆ. ಹವಾಯಿ ಚಪ್ಪಲಿಯನ್ನೇ ನೋಡಿ. ಅದು ಕಾಲಿನಲ್ಲಿ ನಿಲ್ಲಬೇಕಾದರೆ ಹೆಬ್ಬೆರಳ ಸಂದು ಉಂಗುಷ್ಟದ ಪಟ್ಟಿಯನ್ನು ಹಿಡಿದಿರಬೇಕು. ಸ್ಪರ್ಶ ಹೋದ ಕಾಲಿನಿಂದ ಅದು ಕಳಚಿಬಿದ್ದರೂ ತಿಳಿಯುವುದಿಲ್ಲ, ಪಟ್ಟಿ ಉಜ್ಜಿ ಗಾಯವಾದರೂ ತಿಳಿಯುವುದಿಲ್ಲ. ಹಿಂಬದಿ ಪಟ್ಟಿಯಿರುವ, ಒಳಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರು, ಕೆಳಗೆ ಮುಳ್ಳು ತೂರದ ಗಟ್ಟಿ ತಳ ಇರುವ ಚಪ್ಪಲಿ ಏಕೆ ಬೇಕೆಂಬುದು ಹೀಗೆ ಹೇಳಿದಾಗ ಅರ್ಥವಾಗುತ್ತದೆ. ಈ ರಬ್ಬರೂ ಕುಷ್ಠರೋಗಿಗಳ ಪಾದರಕ್ಷೆಗಾಗಿಯೇ ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು.

ಕೆಸರುಗದ್ದೆಗೆ ಪೂರ್ಣ ಪರಿಹಾರವಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಉದ್ದನೆಯ ರಬ್ಬರ್ ಬೂಟು ಕೆಸರಿನಲ್ಲಿ ಕಚ್ಚಿಕೊಳ್ಳುತ್ತದೆ, ಒಳಗೆ ಬೆವರುತ್ತದೆ. ಸ್ಪರ್ಶ ಹೋಗಿರುವವರು ನಾಟಿ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಬಿಡಲಾಗದವರು ಗದ್ದೆಯಿಂದ ಬಂದ ಕೂಡಲೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ಅಂಗಾಲು ನೋಡಿಸಿಕೊಳ್ಳಬೇಕು. ಬಿಸಿನೀರಿನ ಹದವನ್ನು ಕಾಲಿನಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು. ಈ ಭಾಗದ ಹಲವು ಊರ ಹಬ್ಬಗಳಲ್ಲಿ ಕೊಂಡ ಹಾಯುವ ಪದ್ಧತಿಯಿದೆ. ಭಕ್ತಿಯನ್ನು ಪ್ರಶ್ನಿಸುವ ಮಾತು ಇದಲ್ಲ. ಆದರೆ ಹಲವು ವರ್ಷಗಳ ಮಧುಮೇಹವಿರುವವರು ಹರಕೆಯನ್ನು ಮನೆಯ ಇನ್ನೊಬ್ಬರಿಂದ ತೀರಿಸುವುದು ಕ್ಷೇಮ. ಕಾಲು ಸುಟ್ಟಿದ್ದು ಅವರಿಗೆ ಮರುದಿನವೂ ತಿಳಿಯದಿರಬಹುದು.

ಇನ್ನೊಂದು ಮಾತನ್ನು ಸಲಹೆಪಟ್ಟಿಗಳು ಬಹುತೇಕ ಮರೆತಿವೆ. ಪಾದ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿದೆ. ಗಾಯವಿಲ್ಲ, ನೋವೂ ಅಷ್ಟಿಲ್ಲ. ಇದು ಶಾರ್ಕೊ ಪಾದವಾಗಿರಬಹುದು: ಸ್ಪರ್ಶ ಹೋದ ಪಾದದ ಮೂಳೆ, ಕೀಲುಗಳು ಒಳಗೇ ಮುರಿದು ಕುಸಿಯುವ ಸ್ಥಿತಿ. ಉಳುಕು ಎಂದು ತಿಳಿದು ಎಣ್ಣೆ ಹಚ್ಚಿ ನೀವಿಸಿಕೊಂಡು ನಡೆದಾಡಿದರೆ ಪಾದದ ಕಮಾನು ಶಾಶ್ವತವಾಗಿ ತಗ್ಗುತ್ತದೆ. ಕೂಡಲೆ ನಡೆಯುವುದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಕತ್ತರಿಸುವುದೋ ಉಳಿಸುವುದೋ

ಎರಡನೆಯ ಮತ್ತು ಮೂರನೆಯ ಮಾತುಗಳು ಪರಸ್ಪರ ವಿರೋಧಿಗಳಂತೆ ಕಾಣುತ್ತವೆ. ಒಂದು ‘ಬೇಗ ಕತ್ತರಿಸಿ’ ಎನ್ನುತ್ತದೆ, ಇನ್ನೊಂದು ‘ಕತ್ತರಿಸಲೇಬೇಡಿ’ ಎನ್ನುತ್ತದೆ. ಎರಡರ ದೋಷ ಒಂದೇ: ಪಾದದ ನಿಜಸ್ಥಿತಿ ಕೇಳದೆ ಉತ್ತರ ಕೊಡುತ್ತವೆ.

‘ವಿಷ ಏರುವುದು’ ಎಂದು ಜನ ಹೇಳುವುದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ರಕ್ತನಾಳ ಮುಚ್ಚಿ ಬೆರಳು ನಿಧಾನವಾಗಿ ಒಣಗಿ ಕಪ್ಪಾಗುವುದು ಒಣ ಗ್ಯಾಂಗ್ರೀನ್. ಅಲ್ಲಿ ಸೋಂಕು ಇಲ್ಲದಿದ್ದರೆ ಮೊದಲ ಕೆಲಸ ಕತ್ತರಿಸುವುದಲ್ಲ, ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ ಎಂದು ನೋಡುವುದು. ಕೀವು, ದುರ್ನಾತ, ಊತಗಳಿಂದ ಕೂಡಿ ಬೇಗ ಹರಡುವುದು ಹಸಿ ಗ್ಯಾಂಗ್ರೀನ್. ಅದು ತುರ್ತುಸ್ಥಿತಿ, ಗಂಟೆಗಳ ಲೆಕ್ಕದಲ್ಲಿ ಕೀವು ಹೊರತೆಗೆಯಬೇಕು, ಸತ್ತ ಅಂಗಾಂಶ ಕತ್ತರಿಸಬೇಕು. ಆಗ ತಡಮಾಡಿದರೆ ಕಾಲಿನ ಜೊತೆ ಜೀವವೂ ಹೋಗಬಹುದು. ಅಂಥ ವೇಳೆಯಲ್ಲಿ ‘ಕತ್ತರಿಸದೆ ಗುಣಪಡಿಸುತ್ತೇವೆ’ ಎಂಬವರ ಬಳಿ ವಾರ ಕಳೆಯುವುದು ಅತ್ಯಂತ ಅಪಾಯಕರ. ಮಧುಮೇಹ ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ ಎಂಬುದು ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಲಿ.

ರಕ್ತ ಹರಿವಿನ ಪ್ರಶ್ನೆಯಲ್ಲೂ ಭೌತವಿಜ್ಞಾನವಿದೆ. ಪ್ವಾಸೈ ನಿಯಮದಂತೆ ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ರಕ್ತನಾಳ ಆದರ್ಶ ಕೊಳವೆಯಲ್ಲ, ದೇಹ ಪಕ್ಕದ ದಾರಿಗಳನ್ನೂ ತೆರೆದುಕೊಳ್ಳುತ್ತದೆ. ಆದರೂ ಕಿರಿದಾದ ಭಾಗವನ್ನು ಬಲೂನಿನಿಂದ ಹಿಗ್ಗಿಸುವುದು ಅಥವಾ ಬೇರೆ ನಾಳ ಜೋಡಿಸಿ ದಾರಿ ಮಾಡುವುದು ಏಕೆ ಕಾಲನ್ನು ಉಳಿಸಬಲ್ಲದೆಂದು ಈ ಲೆಕ್ಕ ತೋರಿಸುತ್ತದೆ. ಕಾಲಿನ ಮತ್ತು ತೋಳಿನ ರಕ್ತದೊತ್ತಡಗಳ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆಯೆಂಬ ಸೂಚನೆ. ಮಧುಮೇಹಿಗಳಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಈ ಅನುಪಾತ ಸುಳ್ಳು ಭರವಸೆ ಕೊಡಬಹುದು. ಆಗ ಹೆಬ್ಬೆರಳಿನ ಒತ್ತಡ ಅಳೆಯುತ್ತಾರೆ. ‘ಕಾಲು ತೆಗೆಯಬೇಕು’ ಎಂದು ಯಾರಾದರೂ ಹೇಳಿದಾಗ, ತುರ್ತು ಸೋಂಕಿಲ್ಲದಿದ್ದರೆ, ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ರಕ್ತ ಹರಿವಿನ ಪರೀಕ್ಷೆ ಆಗಿದೆಯೇ?’

ಇನ್ನು ‘ಅಂಗಚ್ಛೇದನ’ ಎಂಬ ಒಂದೇ ಪದದ ಕೆಳಗೆ ಬಹಳ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು ಅಡಗಿವೆ. ಒಂದು ಬೆರಳು ತೆಗೆಯುವುದು, ಮುಂಗಾಲನ್ನು ಅಡ್ಡಲಾಗಿ ತೆಗೆಯುವುದು, 1842ರಲ್ಲಿ ಎಡಿನ್‌ಬರೋದ ಜೇಮ್ಸ್ ಸೈಮ್ ರೂಪಿಸಿದಂತೆ ಹರಡಿನ ಕೀಲಿನಲ್ಲಿ ಬಿಡಿಸಿ ಹಿಮ್ಮಡಿಯ ಚರ್ಮವನ್ನು ಉಳಿಸುವುದು, ಮೊಣಕಾಲಿನ ಕೆಳಗೆ, ಮೊಣಕಾಲಿನ ಮೇಲೆ. ಹರಡಿಗಿಂತ ಕೆಳಗಿನವು ಕಿರಿಯ ಅಂಗಚ್ಛೇದನ, ಮೇಲಿನವು ಹಿರಿಯ. ಒಂದು ಬೆರಳನ್ನು ಸಕಾಲಕ್ಕೆ ತೆಗೆದು ಪಾದ ಉಳಿಸಿದ್ದು ಸೋಲಲ್ಲ, ಅದೇ ಕಾಲುಳಿಸುವ ಚಿಕಿತ್ಸೆ. ಮೊಣಕಾಲು ಉಳಿದರೂ ದೊಡ್ಡ ಲಾಭ. ಮೊಣಕಾಲು ಹೋದವರಿಗೆ ಕೃತಕ ಕಾಲಿನಲ್ಲಿ ನಡೆಯಲು ಬಹಳ ಹೆಚ್ಚು ಶಕ್ತಿ ಬೇಕು.

ಇಲ್ಲಿ ಲೆಕ್ಕದ ಒಂದು ಬಲೆ ಇದೆ. ಒಂದು ಊರಿನಲ್ಲಿ ಒಟ್ಟು ಅಂಗಚ್ಛೇದನ ಹೆಚ್ಚಾಯಿತು ಎಂಬ ಸುದ್ದಿ ಬಂದರೆ ಚಿಕಿತ್ಸೆ ಕೆಟ್ಟಿತೆಂದು ತೀರ್ಮಾನಿಸಬೇಡಿ. ಬೆರಳಿನ ಮಟ್ಟದಲ್ಲೇ ತಡೆದು, ಮೊಣಕಾಲಿನ ಮಟ್ಟದವು ಕಡಿಮೆಯಾಗಿರಬಹುದು. ಹಾಗೆಯೇ ‘ಇಷ್ಟು ಮಂದಿಯ ಕಾಲು ಉಳಿಸಿದೆವು’ ಎಂಬ ಸುದ್ದಿ ಬಂದರೆ ‘ಎಷ್ಟು ದಿನಕ್ಕೆ?’ ಎಂದು ಕೇಳಿ. ಮಾಯ್ದ ಹುಣ್ಣು ಒಂದೇ ವರ್ಷದಲ್ಲಿ ನೂರಕ್ಕೆ 40 ಮಂದಿಗೆ ಮರುಕಳಿಸುತ್ತದೆ. ಆಸ್ಪತ್ರೆಯಿಂದ ಮನೆಗೆ ಹೋದ ದಿನದ ಲೆಕ್ಕ ಸಾಲದು, ವರ್ಷದ ನಂತರದ ಲೆಕ್ಕ ಬೇಕು. 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್‌ನಲ್ಲಿ ಸೇರಿದ ಯೂರೋಪಿನ ದೇಶಗಳು ಅಂಗಚ್ಛೇದನವನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿ ಘೋಷಿಸಿದವು. ಅಂಥ ಗುರಿಯನ್ನು ಸಾಧಿಸಿದೆವೇ ಎಂದು ತಿಳಿಯಲೂ ಮೊದಲು ಎಣಿಕೆ ಸರಿಯಿರಬೇಕು. ಕಿರಿಯ, ಹಿರಿಯ ಎಂದು ಬೇರ್ಪಡಿಸಿ ತಾಲ್ಲೂಕುವಾರು ಎಣಿಸುವ ಅಭ್ಯಾಸ ನಮ್ಮಲ್ಲೂ ಬರಬೇಕು.

ಕತ್ತರಿಸಲೇಬೇಕಾದಾಗ ಅದೇ ಕೊನೆಯೂ ಅಲ್ಲ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಥಿ ರೂಪಿಸಿದ ಜೈಪುರ ಕಾಲು ಬೂಟಿಲ್ಲದೆ ನಡೆಯಲು, ಚಕ್ಕಳಮಕ್ಕಳ ಕೂರಲು, ಗದ್ದೆಗೆ ಇಳಿಯಲು ಆಗುವಂಥದ್ದು. ಆದರೆ ಒಂದು ಕಾಲು ಹೋದಮೇಲೆ ಭಾರವೆಲ್ಲ ಇನ್ನೊಂದರ ಮೇಲೆ. ಅದರ ನರವೂ ಕೆಟ್ಟಿರುತ್ತದೆ. ಹಿರಿಯ ಅಂಗಚ್ಛೇದನವಾದ ಮಧುಮೇಹಿಗಳಲ್ಲಿ ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ಅಧ್ಯಯನಗಳು ಹೇಳುತ್ತವೆ. ಕಾರಣ ಹೆಚ್ಚಾಗಿ ಹೃದಯ ಮತ್ತು ರಕ್ತನಾಳಗಳ ಅದೇ ರೋಗ. ಕಾಲಿನ ಹುಣ್ಣು ಇಡೀ ದೇಹದ ಎಚ್ಚರಿಕೆಯ ಗಂಟೆ.

ಇಪ್ಪತ್ತೊಂದು ದಿನಗಳ ಕಥೆ

ಮಳವಳ್ಳಿ ತಾಲ್ಲೂಕಿನ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಇದು ಕಲ್ಪಿತ ಉದಾಹರಣೆ; ಆದರೆ ಇದರ ಪ್ರತಿ ಹಂತವೂ ವೈದ್ಯರಿಗೆ ಪರಿಚಿತ. ಹನ್ನೆರಡು ವರ್ಷದ ಮಧುಮೇಹ. ಮೊದಲ ದಿನ ಕಬ್ಬಿನ ಕೂಳೆ ಚುಚ್ಚುತ್ತದೆ, ತಿಳಿಯುವುದಿಲ್ಲ. ಮೂರನೆಯ ದಿನ ನೆಲದ ಮೇಲಿನ ರಕ್ತದ ಕಲೆಯನ್ನು ಹೆಂಡತಿ ನೋಡುತ್ತಾರೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಾರೆ; ನೋವಿಲ್ಲವಾದ್ದರಿಂದ ಅವರು ಹೊಲಕ್ಕೆ ಹೋಗುತ್ತಾರೆ. ಹತ್ತನೆಯ ದಿನ ಪಾದ ಊದುತ್ತದೆ. ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ. ಪ್ಯಾಂಟು ಮಡಚಿ ಅಂಗಾಲು ನೋಡಿದವರಿಲ್ಲ. ಹದಿನೆಂಟನೆಯ ದಿನ ವಾಸನೆ, ಚಳಿ. ಇಪ್ಪತ್ತೊಂದನೆಯ ದಿನ ವಾಹನ ಮಾಡಿಕೊಂಡು ಮಂಡ್ಯಕ್ಕೆ. ಅಂದೇ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ.

ಸುದ್ದಿಯಾಗುವುದು ಇಪ್ಪತ್ತೊಂದನೆಯ ದಿನ ಮಾತ್ರ. ಆ ದಿನದ ಶಸ್ತ್ರವೈದ್ಯರನ್ನು ಕಟುಕರೆಂದೋ ದೇವರೆಂದೋ ಬರೆಯುವುದು ಸುಲಭ. ಆದರೆ ಕಾಲು ಉಳಿಯಬಹುದಾಗಿದ್ದ ಬಾಗಿಲುಗಳು ಅದಕ್ಕೂ ಮೊದಲೇ ಒಂದೊಂದಾಗಿ ಮುಚ್ಚಿದವು: ವರ್ಷಕ್ಕೊಮ್ಮೆ ಆಗದ ಸ್ಪರ್ಶ ಪರೀಕ್ಷೆ, ಸಂಜೆ ನೋಡದ ಅಂಗಾಲು, ಮೂರನೆಯ ದಿನ ನಿಲ್ಲಿಸದ ನಡಿಗೆ, ಹತ್ತನೆಯ ದಿನ ನೋಡದ ಗಾಯ.

ವ್ಯವಸ್ಥೆಯೂ ಕೊನೆಯ ದಿನಕ್ಕೇ ಒತ್ತು ಕೊಟ್ಟಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ ರೂಪುಗೊಂಡವು. ಅವು ಬಡವರಿಗೆ ದೊಡ್ಡ ಆಸರೆ. ಆದರೆ ಕಾಲು ಕೆಡದಂತೆ ನೋಡಿಕೊಳ್ಳುವ ಚಪ್ಪಲಿ, ವಾರ ವಾರ ಬದಲಿಸಬೇಕಾದ ಪ್ಲಾಸ್ಟರ್, ಜಡ್ಡು ಕೆತ್ತುವ ಹತ್ತು ನಿಮಿಷದ ಕೆಲಸ – ಇವು ದಾಖಲಾತಿ ಬೇಡದ ಚಿಕಿತ್ಸೆಗಳು. 2004ರ ಸುಮಾರಿಗೆ ಭಾರತ ಮತ್ತು ತಾಂಜಾನಿಯಾಗಳಲ್ಲಿ ನಡೆದ ‘ಸ್ಟೆಪ್ ಬೈ ಸ್ಟೆಪ್’ ಯೋಜನೆ ಸಾಮಾನ್ಯ ವೈದ್ಯರು ಮತ್ತು ದಾದಿಯರಿಗೇ ಪಾದ ನೋಡುವ ತರಬೇತಿ ಕೊಟ್ಟಿತು. ದುಬಾರಿ ಯಂತ್ರಗಳಿಲ್ಲದೆ ಸಾಧ್ಯವಿರುವ ದಾರಿ ಅದು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬೆಂಗಳೂರಿನ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದ ಚಿಕಿತ್ಸೆಗೇ ಒಂದು ವಿಭಾಗವಿದೆ. ಇವುಗಳ ನಡುವಿನ ಕೊಂಡಿ ಹತ್ತನೆಯ ದಿನಕ್ಕೆ ಮೊದಲು ಕೆಲಸ ಮಾಡಬೇಕು.

ತರಗತಿಯಲ್ಲಿ ಏನು ಮಾಡಬಹುದು

ಆಸ್ಪತ್ರೆಗಳಲ್ಲಿ 10 ಗ್ರಾಂ ಬಲಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶ ಪರೀಕ್ಷಿಸುತ್ತಾರೆ. ಎಳೆ ಇಲ್ಲದೆಡೆ ಬಳಸಲು ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು 2011ರಲ್ಲಿ ಒಂದು ಸುಲಭ ವಿಧಾನ ಪ್ರಕಟಿಸಿದರು. ವ್ಯಕ್ತಿ ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ತಿಳಿದಾಗ ಎಡ, ಬಲ ಎಂದು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿರುವ ಸಾಧ್ಯತೆಯಿದೆ. ವೈದ್ಯರು ಪಾದ ನೋಡಬೇಕು. ಇದು ರೋಗನಿರ್ಣಯವಲ್ಲ, ಮುನ್ಸೂಚನೆ ಮಾತ್ರ ಎಂದು ವಿದ್ಯಾರ್ಥಿಗಳಿಗೆ ಸ್ಪಷ್ಟಪಡಿಸಿ.

ಎರಡನೆಯ ಚಟುವಟಿಕೆ: ಮನೆಯ ಹಿರಿಯರು ನಿಂತಿರುವಾಗ ಕಾಗದದ ಮೇಲೆ ಪಾದದ ಸುತ್ತ ಗೆರೆ ಎಳೆಯಿರಿ. ಅವರ ಚಪ್ಪಲಿಯನ್ನು ಅದರ ಮೇಲಿಡಿ. ಗೆರೆ ಎಲ್ಲೆಲ್ಲಿ ಹೊರಗೆ ಬಂದಿದೆಯೋ ಅಲ್ಲಿ ಚಪ್ಪಲಿ ಪಾದಕ್ಕೆ ಸಾಲದು. ಚೌಕುಳಿ ಕಾಗದ ಬಳಸಿದರೆ ವಿಸ್ತೀರ್ಣವನ್ನೂ ಒತ್ತಡವನ್ನೂ ಲೆಕ್ಕ ಹಾಕಬಹುದು. ಮೂರನೆಯದು ಅಂಗೈಯ ಹಿಂಬದಿಯಿಂದ ಎರಡೂ ಪಾದಗಳ ಬಿಸಿ ಹೋಲಿಸುವುದು. ಒಂದೇ ಜಾಗದಲ್ಲಿ ಎರಡು ಪಾದಗಳ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಬರಲಿರುವ ಹುಣ್ಣಿನ ಸೂಚನೆಯೆಂದು ಅಧ್ಯಯನಗಳು ತೋರಿಸಿವೆ. ಕೈ ಥರ್ಮಾಮೀಟರ್ ಅಲ್ಲ. ಆದರೂ ಎದ್ದು ಕಾಣುವ ವ್ಯತ್ಯಾಸವನ್ನು ಹಿಡಿಯಬಲ್ಲದು.

ಆರಂಭದ ಮೂರು ಮಾತುಗಳನ್ನು ಹಾಗಾದರೆ ಹೇಗೆ ತಿದ್ದಿ ಬರೆಯಬೇಕು? ‘ಸ್ಪರ್ಶ ಹೋದ ಪಾದದ ಗಾಯ ತುಳಿಯುತ್ತಿದ್ದರೆ ಮಾಯದು, ಭಾರ ಇಳಿಸಿ, ಸೋಂಕು ತಡೆದು, ರಕ್ತ ಹರಿಯುವಂತಿದ್ದರೆ ಮಾಯುತ್ತದೆ.’ ‘ಕೀವು, ಜ್ವರ, ದುರ್ನಾತವಿದ್ದರೆ ಇಂದೇ ಆಸ್ಪತ್ರೆಗೆ, ಒಣಗಿ ಕಪ್ಪಾಗಿದ್ದರೆ ರಕ್ತ ಹರಿವಿನ ಪರೀಕ್ಷೆಯಾಗದೆ ತೀರ್ಮಾನ ಬೇಡ.’ ‘ಕಾಲು ಉಳಿಸುವವರು ಒಬ್ಬ ಡಾಕ್ಟರಲ್ಲ, ಮೂರನೆಯ ದಿನ ಗಾಯ ನೋಡಿದವರು ಮೊದಲಿಗರು.’ ಮಾತುಗಳು ಉದ್ದವಾದವು, ನಿಜ. ಆದರೆ ಕೇಳಿದವರಿಗೆ ಮುಂದೇನು ಮಾಡಬೇಕೆಂಬುದು ಇವುಗಳಲ್ಲಿದೆ.

ನಿಮ್ಮ ಮನೆಯಲ್ಲಿ ಅಜ್ಜನಿಗೋ ಅತ್ತೆಗೋ ಮಧುಮೇಹವಿದ್ದರೆ ಇಂದು ಸಂಜೆ ದೀಪದ ಬೆಳಕಿನಲ್ಲಿ ಅವರ ಅಂಗಾಲುಗಳನ್ನು ನೋಡಿ. ‘ನೋವಿದೆಯೇ?’ ಎಂದು ಕೇಳಿ ಸುಮ್ಮನಾಗಬೇಡಿ. ಇಲ್ಲ ಎಂಬ ಉತ್ತರ ಅಲ್ಲಿ ಏನನ್ನೂ ಹೇಳುವುದಿಲ್ಲ.